ತೇಲುತೊಟ್ಟಿಯೂ ಒಂದು ಗಂಟೆಯ ಏಕಾಂತವೂ

ಕೈಕಾಲುಗಳು ದುಡಿದು ದಣಿಯುವಂತೆಯೇ ಕಣ್ಣು, ಕಿವಿ, ಚರ್ಮಗಳೂ ದಣಿಯುತ್ತವೆ. ಕೈಕಾಲುಗಳಿಗೆ ವಿರಾಮ ಬೇಕೆಂಬುದನ್ನು ಎಲ್ಲರೂ ಬಲ್ಲರು. ಇಂದ್ರಿಯಗಳಿಗೂ ಅದು ಬೇಕೆಂಬುದನ್ನು ಹಲವರು ಮರೆಯುವುದುಂಟು. ವಿಶೇಷವಾಗಿ ಮನೆವಾರ್ತೆ ನೋಡುವ ಸ್ತ್ರೀಯರಿಗೆ ಮುಂಜಾನೆ ಬಚ್ಚಲೊಲೆಗೆ ಬೆಂಕಿ ಹಾಕಿದುದು ಮೊದಲ್ಗೊಂಡು ರಾತ್ರಿ ಹಾಲಿಗೆ ಹೆಪ್ಪು ಹಾಕುವ ತನಕ, ಯಾರೂ ಕರೆಯದೆ ಇರುವ ಒಂದು ಗಳಿಗೆಯೂ ದೊರೆಯುವುದು ದುರ್ಲಭ. ಆದುದರಿಂದ ಪರದೇಶಗಳಲ್ಲಿ ಹುಟ್ಟಿ ಈಗ ನಮ್ಮ ದೇಶದ ದೊಡ್ಡ ಪಟ್ಟಣಗಳಿಗೂ ಬಂದಿರುವ ತೇಲುತೊಟ್ಟಿ ಎಂಬ ಸಾಧನವು ಎಂಥದು, ಅದನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಅಲ್ಪ ವೆಚ್ಚದಲ್ಲಿ ಮಾಡಿಕೊಳ್ಳುವುದು ಹೇಗೆ, ಅದರಲ್ಲಿರುವ ಅಪಾಯಗಳಾವುವು ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ಮಾತಾಪಿತೃಗಳಿಗೂ ತಿಳಿಯಪಡಿಸಲು ಇಚ್ಛಿಸುತ್ತೇವೆ.

ಏಕಾಂತವು ಈ ಸೀಮೆಗೆ ಹೊಸತಲ್ಲ. ಸಾಗರದ ಬಳಿಯ ವರದಹಳ್ಳಿಯಲ್ಲಿ ಶ್ರೀಧರ ಸ್ವಾಮಿಗಳು 1973ರಲ್ಲಿ ದೇಹ ಬಿಡುವುದಕ್ಕೆ ಮುಂಚಿನ ವರ್ಷಗಳನ್ನು ಬಹುಮಟ್ಟಿಗೆ ಏಕಾಂತದಲ್ಲಿಯೇ ಕಳೆದರೆಂಬುದನ್ನು ಆ ಕಡೆಯವರೆಲ್ಲರೂ ಬಲ್ಲರು. ಇಂದಿಗೂ ಅಲ್ಲಿನ ತೀರ್ಥದ ತಣ್ಣೀರಿನಲ್ಲಿ ಮಿಂದು ಗುಡ್ಡವನ್ನೇರುವ ಜನರು ಬಹಳ. ಆದರೆ ಸಂಸಾರಸ್ಥರು ಮನೆಯನ್ನು ಬಿಟ್ಟು ಗುಡ್ಡವನ್ನು ಸೇರಲಾರರು. ಅಂಥವರಿಗೆ ಮನೆಯೊಳಗೇ ಒಂದು ಗಂಟೆಯ ಮಟ್ಟಿಗಾದರೂ ಬೆಳಕು, ಸಪ್ಪಳ, ಭಾರ ಇವುಗಳಿಂದ ಬಿಡುಗಡೆ ಕೊಡುವುದೇ ಈ ತೊಟ್ಟಿಯ ಉದ್ದೇಶ.

ಇದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು. 1950ರ ದಶಕದ ಆರಂಭದಲ್ಲಿ ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಡೊನಾಲ್ಡ್ ಹೆಬ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಶಿಷ್ಯರೂ ಒಂದು ಪರೀಕ್ಷೆಯನ್ನು ನಡೆಸಿದರು. ವಿದ್ಯಾರ್ಥಿಗಳಿಗೆ ದಿನಕ್ಕೆ 20 ಡಾಲರ್ ಕೂಲಿ ಕೊಟ್ಟು, ಕಣ್ಣಿಗೆ ಮಸುಕಾದ ಕನ್ನಡಕ ಹಾಕಿ, ಕೈಗಳಿಗೆ ಗವಸು ತೊಡಿಸಿ, ಏನೂ ಮಾಡದೆ ಹಾಸಿಗೆಯ ಮೇಲೆ ಮಲಗಿರಹೇಳಿದರು. ಕೂಲಿ ಚೆನ್ನಾಗಿದ್ದರೂ ಹೆಚ್ಚಿನವರು ಎರಡು ಮೂರು ದಿನಗಳಿಗಿಂತ ಹೆಚ್ಚು ನಿಲ್ಲಲಿಲ್ಲ. ಕೆಲವರಿಗೆ ಇಲ್ಲದ ಚಿತ್ರಗಳು ಕಣ್ಣಿಗೆ ಕಟ್ಟಿದವು. ಅನಂತರ 1954ರಲ್ಲಿ ಅಮೆರಿಕೆಯ ಜಾನ್ ಲಿಲ್ಲಿ ಎಂಬ ವೈದ್ಯರು, ಹೊರಗಿನ ಪ್ರಚೋದನೆ ನಿಂತುಹೋದರೆ ಮಿದುಳು ನಿದ್ರೆಗೆ ಜಾರುವುದೋ ಎಚ್ಚರವಾಗಿರುವುದೋ ಎಂದು ತಿಳಿಯುವುದಕ್ಕಾಗಿ, ಮುಖಕ್ಕೆ ಉಸಿರಾಟದ ಮುಸುಕನ್ನು ಧರಿಸಿ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ತಾವೇ ಮುಳುಗಿದ್ದು ನೋಡಿದರು. ಮಿದುಳು ಎಚ್ಚರವಾಗಿಯೇ ಇತ್ತು. 1970ರ ದಶಕದಲ್ಲಿ ಮುಸುಕನ್ನು ಬಿಟ್ಟು, ಗಟ್ಟಿಯಾದ ಉಪ್ಪುನೀರಿನಲ್ಲಿ ಅಂಗಾತ ತೇಲುವ ಕ್ರಮವು ಬಂದಿತು. ಗ್ಲೆನ್ ಪೆರ್ರಿ ಎಂಬವರು ಇಂಥ ತೊಟ್ಟಿಗಳನ್ನು ಮಾರಾಟಕ್ಕಾಗಿ ಮಾಡಲಾರಂಭಿಸಿ, ಅವುಗಳಿಗೆ ನಮ್ಮ ದೇಶದ ‘ಸಮಾಧಿ’ ಎಂಬ ಪದವನ್ನೇ ಹೆಸರಾಗಿ ಇಟ್ಟರು.

ಈ ತೊಟ್ಟಿಯಿಂದ ಲಾಭವೇನೆಂದು ಕೇಳಬಹುದು. 2018ರಲ್ಲಿ ಅಮೆರಿಕೆಯ ಟಲ್ಸಾ ಪಟ್ಟಣದಲ್ಲಿ ಜಸ್ಟಿನ್ ಫೈನ್‌ಸ್ಟೈನ್ ಎಂಬವರೂ ಅವರ ಸಂಗಡಿಗರೂ ಆತಂಕದ ವ್ಯಾಧಿಯುಳ್ಳ 50 ಜನರನ್ನು ಒಂದೊಂದು ಗಂಟೆ ತೇಲಿಸಿ ನೋಡಿ, ಅವರ ಕಳವಳವು ಆ ಹೊತ್ತಿಗೆ ಚೆನ್ನಾಗಿ ತಗ್ಗಿತೆಂದು ಪ್ರಕಟಿಸಿದರು. ಇದು ಚಿಕ್ಕ ಪರೀಕ್ಷೆ. ಒಂದು ಗಂಟೆಯ ಫಲವನ್ನು ಮಾತ್ರ ತಿಳಿಸುತ್ತದೆ. ಆದುದರಿಂದ ತೊಟ್ಟಿಯು ರೋಗಕ್ಕೆ ಔಷಧವೆಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ. ದಣಿದ ಮನಸ್ಸಿಗೆ ಒಳ್ಳೆಯ ವಿಶ್ರಾಂತಿ ಎಂಬಷ್ಟನ್ನೇ ಹೇಳಬಹುದು.

ಇನ್ನು ತೇಲುವುದು ಹೇಗೆಂಬ ವಿಚಾರ. ಮನುಷ್ಯ ದೇಹದ ಸಾಂದ್ರತೆಯು ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ ಕೆರೆಯ ನೀರಿನಲ್ಲಿ ನಾವು ಪ್ರಯತ್ನವಿಲ್ಲದೆ ತೇಲಲಾರೆವು. ನೀರಿಗೆ ಉಪ್ಪನ್ನು ಕರಗಿಸಿ ಅದರ ಸಾಂದ್ರತೆಯನ್ನು ಒಂದೂಕಾಲರಷ್ಟಕ್ಕೆ ಏರಿಸಿದರೆ ದೇಹದ ಐದನೆಯ ಒಂದು ಪಾಲು ಮೇಲೆಯೇ ನಿಲ್ಲುತ್ತದೆ. ಈಜು ಬಾರದವರೂ ಅಂಗಾತ ತೇಲುತ್ತಾರೆ. ಪಾಲೆಸ್ತೀನಿನ ಮೃತ್ಯುಸಮುದ್ರದಲ್ಲಿ ಜನರು ತೇಲುವುದೂ ಇದೇ ಕಾರಣದಿಂದ. ಇದಕ್ಕೆ ಅಡಿಗೆಯ ಉಪ್ಪನ್ನು ಬಳಸದೆ ಎಪ್ಸಮ್ ಉಪ್ಪನ್ನು, ಅಂದರೆ ಮೆಗ್ನೀಷಿಯಮ್ ಸಲ್ಫೇಟನ್ನು ಬಳಸುವರು. ಅದು ಚರ್ಮಕ್ಕೆ ಅಷ್ಟಾಗಿ ಉರಿ ಕೊಡುವುದಿಲ್ಲ. ಇಂಗ್ಲೆಂಡಿನ ಎಪ್ಸಮ್ ಎಂಬ ಊರಿನ ಬುಗ್ಗೆಯ ನೀರಿನಿಂದ ಇದಕ್ಕೆ ಆ ಹೆಸರು ಬಂದಿತು. ಹಿಂದೆ ವೈದ್ಯರು ಭೇದಿಗೆ ಕೊಡುತ್ತಿದ್ದುದು ಇದನ್ನೇ. ಗೊಬ್ಬರದ ಅಂಗಡಿಗಳಲ್ಲಿ ತೋಟಗಳಿಗಾಗಿ ಮಾರುವುದೂ ಇದೇ ಪದಾರ್ಥ. ಆದರೆ ಮೈಗೆ ತಾಗಿಸುವುದಕ್ಕೆ ಶುದ್ಧವಾದ ದರ್ಜೆಯದನ್ನೇ ಕೇಳಿ ತರಬೇಕು.

ತೊಟ್ಟಿಯನ್ನು ಕಟ್ಟುವ ಕ್ರಮವು ಹೀಗೆ. ಒಳಗಿನ ಅಳತೆ ಉದ್ದ 8 ಅಡಿ, ಅಗಲ 4 ಅಡಿ, ಗೋಡೆಯ ಎತ್ತರ ಒಂದೂವರೆ ಅಡಿ ಇದ್ದರೆ ಸಾಕು. ನಮ್ಮ ಕಡೆಯ ಜಂಬಿಟ್ಟಿಗೆ ಕಲ್ಲಿನಿಂದಲೇ ಗೋಡೆ ಕಟ್ಟಬಹುದು. ತಳಕ್ಕೂ ಪಕ್ಕಗಳಿಗೂ ಶಾಖ ಹೋಗದಂತೆ ಥರ್ಮೊಕೋಲ್ ಹಲಗೆಗಳನ್ನು ಇಟ್ಟು, ಮೇಲೆ ಕೃಷಿಹೊಂಡಕ್ಕೆ ಹಾಸುವಂಥ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಒಂದೇ ತುಂಡಾಗಿ ಹಾಸಬೇಕು. ಸಿಮೆಂಟಿನ ಗಾರೆ ಮಾಡಿದರೆ ಹಾಳೆ ಬೇಡವೆಂದು ತಿಳಿಯಬಾರದು; ಯಾಕಂದರೆ ಈ ಉಪ್ಪು ಕಾಲಕ್ರಮದಲ್ಲಿ ಸಿಮೆಂಟನ್ನು ತಿಂದುಹಾಕುತ್ತದೆ. ಕಬ್ಬಿಣದ ಮೊಳೆ, ತಿರುಪುಗಳು ನೀರಿಗೆ ತಾಗುವಂತೆ ಇರಕೂಡದು.

ಈ ತೊಟ್ಟಿಗೆ ಸುಮಾರು 500 ಲೀಟರು ನೀರೂ 425 ಕಿಲೋಗ್ರಾಂ ಉಪ್ಪೂ ಬೇಕು. ಅಂದರೆ 25 ಕಿಲೋಗ್ರಾಮಿನ 17 ಚೀಲಗಳು. ವೆಚ್ಚದ ದೊಡ್ಡ ಪಾಲು ಇದೇ. ಆದರೆ ಉಪ್ಪನ್ನು ಪ್ರತಿ ಸಲ ಚೆಲ್ಲುವುದಿಲ್ಲವಾದುದರಿಂದ ಅದು ಬಹುಕಾಲಕ್ಕೆ ಬರುತ್ತದೆ. ಕರಗಿದ ಮೇಲೆ ದ್ರವದ ಆಳವು ಸುಮಾರು 10 ಅಂಗುಲವಾಗುವುದು. ಅದರ ತೂಕವು 900 ಕಿಲೋಗ್ರಾಮಿಗೆ ಮೀರುವುದು. ಆದುದರಿಂದ ಮರದ ಮಹಡಿಯ ಮೇಲೆ ಇದನ್ನು ಎಂದಿಗೂ ಕಟ್ಟತಕ್ಕದ್ದಲ್ಲ. ಕೆಳಗಿನ ಗಟ್ಟಿ ನೆಲವೇ ತಕ್ಕ ಸ್ಥಳ.

ಸಾದಾ ನೀರನ್ನು ಬಚ್ಚಲ ಹಂಡೆಯಲ್ಲಿ ಕಾಯಿಸಿ ತಂದು ತೊಟ್ಟಿಗೆ ಸುರಿದು, ಉಪ್ಪನ್ನು ಅಲ್ಲಿಯೇ ಕರಗಿಸಬೇಕು. ತಾಮ್ರದ ಹಂಡೆಗೆ ಉಪ್ಪು ತಾಗಬಾರದು. ಈ ಉಪ್ಪು ಕರಗುವಾಗ ನೀರಿನ ಶಾಖವನ್ನು ಹೀರಿಕೊಳ್ಳುವುದರಿಂದ ನೀರು ಮೊದಲು ಸಾಕಷ್ಟು ಬಿಸಿಯಿರಬೇಕು. ತೇಲುವ ಹೊತ್ತಿಗೆ ಉಷ್ಣಮಾಪಕದಲ್ಲಿ 35 ಡಿಗ್ರಿ ಸೆಂಟಿಗ್ರೇಡ್ ತೋರಬೇಕು. ಇದು ಚರ್ಮದ ಮೇಲ್ಮೈಯ ಉಷ್ಣತೆ; ಇಷ್ಟೇ ಇದ್ದಾಗ ನೀರೆಲ್ಲಿ ಮುಗಿಯಿತು, ಮೈಯೆಲ್ಲಿ ಆರಂಭವಾಯಿತು ಎಂಬುದೇ ತಿಳಿಯದು. ಅಭ್ಯಂಜನದ ನೀರಿನಷ್ಟು ಬಿಸಿಯಾದರೆ ತಲೆಸುತ್ತು ಬರುವುದು, ಕಡಿಮೆಯಾದರೆ ಚಳಿ ಹಿಡಿಯುವುದು.

ಮರುದಿನ ನೀರು ಆರಿರುವುದು ಸಹಜ. ಆಗ ಬಿಸಿನೀರನ್ನು ಬೆರೆಸಿದರೆ ಉಪ್ಪು ತೆಳುವಾಗಿ ತೇಲುವಿಕೆ ಕೆಡುತ್ತದೆ. ಅದಕ್ಕೆ ಬದಲಾಗಿ ತುಕ್ಕು ಹಿಡಿಯದ ಉಕ್ಕಿನ ಹಾಲಿನ ಕ್ಯಾನುಗಳಲ್ಲಿ ಕುದಿನೀರು ತುಂಬಿ, ಬಾಯಿ ಭದ್ರಪಡಿಸಿ, ಹಾಳೆ ಸುಡದಂತೆ ಮರದ ಹಲಗೆಯ ಮೇಲೆ ತೊಟ್ಟಿಯೊಳಗೆ ನಿಲ್ಲಿಸಿ, ನೀರು ಕಾದ ಮೇಲೆ ಹೊರತೆಗೆಯಬೇಕು. ನೀರನ್ನು 25 ಡಿಗ್ರಿಯಿಂದ 35ಕ್ಕೆ ಏರಿಸಲು 20 ಲೀಟರಿನ ಎಂಟು ಒಂಬತ್ತು ಕ್ಯಾನುಗಳಷ್ಟು ಬಿಸಿನೀರು ಬೇಕಾಗುವುದು. ಅಡಕೆ ಸಿಪ್ಪೆಯ ಉರುವಲು ಇರುವ ಮನೆಗಳಿಗೆ ಇದೇನೂ ಭಾರವಲ್ಲ. ಚಳಿಗಾಲದ ರಾತ್ರಿಗಳಲ್ಲಿ ಮುಚ್ಚಳ ಹಾಕದೆ ಬಿಟ್ಟರೆ ಉಪ್ಪು ತಳದಲ್ಲಿ ಹರಳುಗಟ್ಟುವುದುಂಟು. ಬಿಸಿಮಾಡಿ ಕಲಕಿದರೆ ಮತ್ತೆ ಕರಗುವುದು.

ಅಪಾಯಗಳಲ್ಲಿ ಮುಖ್ಯವಾದುದು ವಿದ್ಯುಚ್ಛಕ್ತಿ. ಉಪ್ಪುನೀರಿನಲ್ಲಿ ವಿದ್ಯುತ್ತು ಸಾದಾ ನೀರಿಗಿಂತ ಬಹು ಸುಲಭವಾಗಿ ಹರಿಯುತ್ತದೆ. ನೀರು ಕಾಯಿಸುವ ವಿದ್ಯುತ್ ಕಾಯಿಲನ್ನು ಈ ತೊಟ್ಟಿಯ ಹತ್ತಿರಕ್ಕೂ ತರಬಾರದೆಂಬುದೇ ನಮ್ಮ ಬುದ್ಧಿವಾದ. ಎರಡನೆಯದು ಹೊಗೆ. ಮುಚ್ಚಿದ ಕೋಣೆಯಲ್ಲಿ ಒಲೆ ಉರಿಯುತ್ತಿದ್ದರೆ ಬಣ್ಣವೂ ವಾಸನೆಯೂ ಇಲ್ಲದ ವಿಷವಾಯು ಕೂಡಿ, ಮಲಗಿದವರು ಏಳದೆ ಹೋಗುವರು. ಆದುದರಿಂದ ತೊಟ್ಟಿಯ ಕೋಣೆ ಬೇರೆಯೇ ಇರಬೇಕು. ಬೆಳಕು ಬಾರದಂತೆ ಗಾಳಿಕಿಂಡಿಯೂ ಇರಬೇಕು. ಮೂರನೆಯದಾಗಿ, ಹತ್ತು ಅಂಗುಲದ ನೀರಿನಲ್ಲಿಯೂ ಮಕ್ಕಳು ಮುಳುಗಬಲ್ಲರು. ಉಪಯೋಗವಿಲ್ಲದಾಗ ತೊಟ್ಟಿಗೆ ಭಾರವಾದ ಮುಚ್ಚಳ ಹಾಕಿ ಕೋಣೆಗೆ ಬೀಗ ಹಾಕಬೇಕು. ನೀರನ್ನು ಯಾರೂ ಕುಡಿಯಬಾರದು, ದನಕರುಗಳಿಗೂ ಸಿಕ್ಕಬಾರದು. ಚೆಲ್ಲಬೇಕಾದಾಗ ಬಾವಿಯ ಬಳಿಯಾಗಲಿ ಅಡಕೆಮರದ ಬುಡಕ್ಕಾಗಲಿ ಒಮ್ಮೆಗೇ ಸುರಿಯಕೂಡದು.

ತೇಲುವವರು ಮೊದಲು ಸಾಬೂನು ಹಚ್ಚಿ ಸ್ನಾನ ಮಾಡಬೇಕು. ಮೈಯಲ್ಲಿ ಎಣ್ಣೆಯಿದ್ದರೆ ನೀರು ಕೆಡುವುದು. ಗಾಯದ ಮೇಲೆ ವ್ಯಾಸಲೀನ್ ಸವರಿ, ಕಿವಿಗೆ ಮೇಣದ ಬಿರಡೆ ಇಟ್ಟುಕೊಳ್ಳಬೇಕು. ಮಳೆಗಾಲದ ಮಾಡಿನ ಸದ್ದಿಗೂ ಇದೇ ತಡೆ. ಉಪ್ಪುನೀರು ಕಣ್ಣಿಗೆ ಸಿಡಿದರೆ ಬಹಳ ಉರಿಯುವುದರಿಂದ ಒಂದು ಚೊಂಬು ಸಿಹಿನೀರೂ ಬಟ್ಟೆಯೂ ಕೈಗೆ ಎಟಕುವಲ್ಲಿ ಇರಲಿ. ಮೊದಲ ದಿನ 20 ನಿಮಿಷ ಸಾಕು. ಅನಂತರ ಒಂದು ಗಂಟೆಯ ತನಕ ಹೋಗಬಹುದು. ಏಳುವಾಗ ನಿಧಾನವಾಗಿ, ಗೋಡೆ ಹಿಡಿದು ಏಳಬೇಕು, ನೆಲ ಜಾರುವುದು. ಮೂರ್ಛೆರೋಗ, ಮೂತ್ರಪಿಂಡದ ವ್ಯಾಧಿ, ರಕ್ತದ ಒತ್ತಡದ ತೊಂದರೆ ಇರುವವರೂ ಇಲ್ಲದ್ದನ್ನು ಕಾಣುವ ಕೇಳುವ ಮನೋರೋಗವುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇಳಿಯಬಾರದು. ತೊಟ್ಟಿಯು ಒಂದೇ ಮನೆಯವರ ಉಪಯೋಗಕ್ಕಿರಲಿ. ಗಟ್ಟಿ ಉಪ್ಪಿನಲ್ಲಿ ಅನೇಕ ಕ್ರಿಮಿಗಳು ಬೆಳೆಯಲಾರವಾದರೂ ಎಲ್ಲವೂ ಸಾಯುವುದಿಲ್ಲ. ನೀರನ್ನು ಆಗಾಗ ಸೋಸಬೇಕು, ಕದಡಿದರೆ ಅಥವಾ ವಾಸನೆ ಬಂದರೆ ಬಿಡಬೇಕು.

ಇನ್ನೊಂದು ನಿಯಮವನ್ನು ಕೊನೆಗಾಗಿ ಇಟ್ಟಿದ್ದೇವೆ. ಒಬ್ಬರು ಒಳಗಿರುವಾಗ ಕೋಣೆಗೆ ಹೊರಗಿನಿಂದ ಚಿಲಕವೇ ಇರಕೂಡದು. ಬಾಗಿಲು ಒಳಗಿನಿಂದ ಬೆರಳ ತುದಿಯಲ್ಲಿ ತೆರೆಯುವಂತಿರಬೇಕು. ಮನೆಯಲ್ಲಿ ಕರೆದರೆ ಓಗೊಡುವವರು ಒಬ್ಬರಿರಬೇಕು. ಈ ನಿಯಮದ ಅರ್ಥ ದೊಡ್ಡದು. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಸೆರೆಯಾಳುಗಳ ತಲೆಗೆ ಮುಸುಕು ಹಾಕಿ, ಎಡೆಬಿಡದ ಸದ್ದಿನ ನಡುವೆ ನಿಲ್ಲಿಸಿ ಇಂದ್ರಿಯಗಳನ್ನು ಕಟ್ಟಿದರು. 1978ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಅದು ಅಮಾನುಷವೂ ಅವಮಾನಕರವೂ ಆದ ನಡತೆಯೆಂದು ತೀರ್ಪಿತ್ತಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತಿಂಗಳಲ್ಲಿ ಮೂರು ದಿನ ಹೊರಗೆ ಕೂರಿಸಿದ ಹುಡುಗಿಯರನ್ನೂ, ಗಂಡ ಸತ್ತ ಮೇಲೆ ಕತ್ತಲೆಕೋಣೆಯ ಮೂಲೆಗೆ ಸೇರಿದ ಹೆಂಗಸರನ್ನೂ ನಮ್ಮ ಮನೆತನಗಳು ಕಂಡಿವೆ. ಅವರಿಗೂ ಕತ್ತಲೆಯಿತ್ತು, ನಿಶ್ಶಬ್ದವಿತ್ತು, ವಿಶ್ರಾಂತಿಯಿರಲಿಲ್ಲ. ತಾನಾಗಿ ಹೋಗಿ ತಾನಾಗಿ ಬರುವವಳಿಗೆ ಕತ್ತಲೆಯು ತಂಪು. ಪರರು ಕೂಡಿಹಾಕಿದವಳಿಗೆ ಅದೇ ಕತ್ತಲೆಯು ಶಿಕ್ಷೆ.

ಆದುದರಿಂದ, ಪ್ರಿಯ ಸಹೋದರಿಯರೇ, ಕಲ್ಲು ಉಪ್ಪುಗಳಿಗೆ ಹಣ ಕೊಡುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಿರಿ. ವಾರದಲ್ಲಿ ಒಂದು ದಿನ, ಒಂದು ಗಂಟೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕಿವಿಗೆ ಬಿರಡೆಯಿಟ್ಟು ಚಾಪೆಯ ಮೇಲೆ ಮಲಗಿರಿ. ಆ ಗಂಟೆಯಲ್ಲಿ ಒಲೆಯನ್ನೂ ಮಕ್ಕಳನ್ನೂ ಕರೆಗಳನ್ನೂ ಮನೆಯ ಉಳಿದವರು ನೋಡಿಕೊಳ್ಳಲೊಪ್ಪಿದರೆ, ಆಗ ತೊಟ್ಟಿಯನ್ನು ಕಟ್ಟಬಹುದು. ಒಪ್ಪದಿದ್ದರೆ 17 ಚೀಲ ಉಪ್ಪು ತಂದರೂ ವ್ಯರ್ಥ. ಮಾತಾಪಿತೃಗಳಲ್ಲಿಯೂ ಗೃಹಸ್ಥರಲ್ಲಿಯೂ ನಮ್ಮ ಬಿನ್ನಹವು ಇಷ್ಟೇ: ಉಪ್ಪಿಗೆ ಅಂಗಡಿಯಲ್ಲಿ ಬೆಲೆಯುಂಟು, ಆ ಒಂದು ಗಂಟೆಯನ್ನು ಮಾತ್ರ ನೀವೇ ಕೊಡಬೇಕು.