ಅಜ್ಜಿಯ ಸೀರೆ, ಮೊಮ್ಮಗಳ ಹೊದಿಕೆ

ಹರಿದ ಸೀರೆಯನ್ನು ಒರೆಸುವ ಬಟ್ಟೆ ಮಾಡೋಕೆ ಹೊರಟಿದ್ದೀರಾ? ಸ್ವಲ್ಪ ತಡೀರಿ.

ಅದರಿಂದ ಕೌದಿ ಹೊದಿಕೆ ಹೊಲಿಯಬಹುದು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲಾ ಕೊನೆಗೆ ಬಂದು ಸೇರೋದು ಇಲ್ಲಿಗೇ. ಹಳೇ ಬಟ್ಟೆನೇ ಯಾಕೆ? ಹತ್ತಾರು ವರ್ಷ ಒಗೆದ ಹತ್ತಿ ಮೆತ್ತಗಾಗಿರುತ್ತೆ, ಸೂಜಿ ಸರಾಗವಾಗಿ ಇಳಿಯುತ್ತೆ. ಕುಗ್ಗೋದೆಲ್ಲ ಆಗಲೇ ಕುಗ್ಗಿ ಮುಗಿದಿರುತ್ತೆ. ಹೊಸ ಬಟ್ಟೆ ಹಾಕಿ ನೋಡಿ, ಮೊದಲ ಒಗೆತಕ್ಕೇ ಸುಕ್ಕು!

ಪದರದ ಮೇಲೆ ಪದರ ಹಾಸಿ, ದಪ್ಪ ದಾರದಲ್ಲಿ ಸಾಲು ಸಾಲು ಓಟದ ಹೊಲಿಗೆ. ಪದರಗಳ ನಡುವೆ ನಿಂತ ಗಾಳಿಯೇ ಚಳಿಗೆ ಬೆಚ್ಚನೆ ಕಾವಲು.

ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇದನ್ನೇ ಕವಂದಿ ಅಂತಾರೆ. ಅವರು ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರ್ತಾರೆ. ಕೊನೆಗೆ ಮೂಲೆಗಳಿಗೆ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನ, ಅದರ ಹೆಸರು ‘ಫೂಲ’. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ! ನನಗಂತೂ ಇಡೀ ಹೊದಿಕೆಯಲ್ಲಿ ಈ ಹಠವೇ ಇಷ್ಟ.

ನೀವು ಮೊದಲು ತೊಟ್ಟಿಲಿನ ಅಳತೆಯದು ಹೊಲೀರಿ. ಮೂರು ಪದರ ಸಾಕು. ದೊಡ್ಡ ಕೌದಿ ನೆನೆದರೆ ಹಿಂಡೋಕೆ ಇಬ್ಬರು ಬೇಕು, ಮೊದಲೇ ಹೇಳಿದ್ದೀನಿ.

ರೊಟ್ಟಿ ಬಡಿದು, ಒಲೆ ಆರಿಸಿ, ಮಧ್ಯಾಹ್ನ ಕಟ್ಟೆ ಮೇಲೆ ಕೂತರೆ ದಿನಕ್ಕೆ ನಾಲ್ಕು ಸಾಲು. ‘ಈ ಹಸಿರು ತುಂಡು ಯಾರ ಸೀರೆದು?’ ಅಂತ ಪಕ್ಕದಲ್ಲಿ ಕೂತವರು ಕೇಳಿದರೆ, ಅವತ್ತು ಎರಡೇ ಸಾಲು.