ಹೊಸ ಮೋಟಾರಿಗಿಂತ ಮೊದಲು ಡ್ರಮ್ಮು ಇಡಿರಿ

ನಮ್ಮದು ಕೊಪ್ಪಳ ಜಿಲ್ಲೆಯ ಮಸಾರಿ ಹೊಲ. ಒಂಬತ್ತು ಎಕರೆಯಲ್ಲಿ ಏಳು ಎಕರೆ ಮಳೆ ನಂಬಿದ್ದು. ಹಳ್ಳದ ದಂಡೆಗೆ ಅಪ್ಪ ತೋಡಿಸಿದ ಬಾವಿಯ ಮೇಲೆ ಎರಡು ಎಕರೆ ಬೇಸಿಗೆ ಶೇಂಗಾ. ವರ್ಷದ ಸಾಲ ತೀರುವುದು ಈ ಎರಡು ಎಕರೆಯಿಂದಲೇ.

2022ರ ಬೇಸಿಗೆಯಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಕೊನೆಯ ಮಡಿಗಳಿಗೆ ನೀರು ಮುಟ್ಟದಂತಾಯಿತು. ಬಾವಿಯಲ್ಲಿ ನೀರಿದೆ, ಪೈಪಿನಲ್ಲಿ ಬರುವುದಿಲ್ಲ. ಮೋಟಾರು 5 ಎಚ್‌ಪಿಯದು, ಹಳೇದು, ಎರಡು ಸಲ ವೈಂಡಿಂಗ್ ಆಗಿತ್ತು. ಅಂಗಡಿಯವರು ಏಳೂವರೆ ಎಚ್‌ಪಿ ಹಾಕಿಸಿರಿ ಎಂದರು. ಸಾಲಕ್ಕೆ ಕಾಗದ ಪತ್ರ ಹೊಂದಿಸುತ್ತಿದ್ದೆ. ಆಗ ನಮ್ಮ ಓಣಿಯ ಐಟಿಐ ಕಲಿತ ಹುಡುಗ ಬಂದು, "ಕಾಕಾ, ಮೋಟಾರು ಆಮ್ಯಾಲೆ ತಗೊಳ್ರಿ. ಮೊದಲು ನೀರು ಅಳೀರಿ" ಅಂದ.

ಅಳೆಯುವುದು ಹೀಗೆ

ಪೈಪಿನ ಬಾಯಿಗೆ 200 ಲೀಟರಿನ ಡ್ರಮ್ಮು ಇಟ್ಟೆವು. ತುಂಬಲಿಕ್ಕೆ 50 ಸೆಕೆಂಡು ಬೇಕಾಯಿತು. ಅಂದರೆ ಸೆಕೆಂಡಿಗೆ 4 ಲೀಟರು. ಬಾವಿಯ ನೀರಿನ ಮಟ್ಟದಿಂದ ಪೈಪಿನ ಬಾಯಿಗೆ ಹಗ್ಗ ಬಿಟ್ಟು ನೋಡಿದರೆ 40 ಅಡಿ, ಅಂದರೆ 12 ಮೀಟರು. ಲೀಟರನ್ನು ಮೀಟರಿನಿಂದ ಗುಣಿಸಿ 75ರಿಂದ ಭಾಗಿಸಿದರೆ ನೀರೆತ್ತುವ ಕೆಲಸ ಎಷ್ಟು ಎಚ್‌ಪಿಯದು ಎಂದು ತಿಳಿಯುತ್ತದೆ. 4 ಗುಣಿಸು 12 ಅಂದರೆ 48. ಅದನ್ನು 75ರಿಂದ ಭಾಗಿಸಿದರೆ ಮುಕ್ಕಾಲು ಎಚ್‌ಪಿಯೂ ಇಲ್ಲ! ಐದು ಎತ್ತು ಕಟ್ಟಿ ಒಂದು ಎತ್ತಿನ ಕೆಲಸವನ್ನೂ ತೆಗೆಯದ ಹಾಗೆ. ಉಳಿದದ್ದೆಲ್ಲ ನಡುವೆಯೇ ಸೋರಿತ್ತು.

ಎಲ್ಲಿ ಸೋರಿತ್ತು?

ಒಂದು, ಫುಟ್‌ವಾಲ್. ತೂತುಗಳು ಸಣ್ಣವು, ಅರ್ಧ ಪಾಚಿ ಕಟ್ಟಿದ್ದವು. ಎರಡು, 2 ಇಂಚಿನ ಕಬ್ಬಿಣದ ಪೈಪು, ಒಳಗೆಲ್ಲ ತುಕ್ಕು. ಪೈಪನ್ನು 2 ಇಂಚಿನಿಂದ 3 ಇಂಚಿಗೆ ಏರಿಸಿದರೆ ಅಷ್ಟೇ ನೀರಿಗೆ ತಿಕ್ಕಾಟದ ನಷ್ಟ ಸುಮಾರು ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಮೂರು, ಬೇಡದ ನಾಲ್ಕು ಮೂಲೆ ಬೆಂಡು. ನಾಲ್ಕು, ಪೈಪಿನ ಬಾಯಿ ಕಾಲುವೆಗಿಂತ ಐದು ಅಡಿ ಮೇಲೆ ಇತ್ತು. ನೀರು ಎತ್ತರದಿಂದ ಧುಮುಕಿದರೆ ಜೋರು ಅಂತ ಅಪ್ಪನ ಕಾಲದ ನಂಬಿಗೆ. ಆ ಐದು ಅಡಿ ಎತ್ತುವುದು ಬರೀ ದಂಡ.

ಮೊದಲು ಜೀವ, ಆಮೇಲೆ ನೀರು

ಕೆಲಸ ಹಿಡಿದದ್ದು ಸ್ಟಾರ್ಟರ್ ಪೆಟ್ಟಿಗೆಯಿಂದ. ಮುಟ್ಟಿದರೆ ಜುಮ್ಮೆನ್ನುತ್ತಿತ್ತು. ಹಿಂದೆ ಒಂದು ಮಳೆಗಾಲದಲ್ಲಿ ಅದಕ್ಕೆ ಒರಗಿ ನಮ್ಮ ಎತ್ತು ಸತ್ತಿದೆ. ಆದರೂ ನಾನು ಒಣ ಕಟ್ಟಿಗೆಯಿಂದ ಗುಂಡಿ ಒತ್ತುತ್ತ ವರ್ಷಗಟ್ಟಲೆ ಕಳೆದಿದ್ದೆ. ಈಗ ನೆಲದಲ್ಲಿ ಗುಂಡಿ ತೋಡಿ, ಪೈಪು ನೆಟ್ಟು, ಇದ್ದಿಲು-ಉಪ್ಪು ತುಂಬಿ ಅರ್ಥಿಂಗ್ ಮಾಡಿಸಿದೆ. ಸ್ಟಾರ್ಟರು, ವಾಯರು ಹೊಸವು ಹಾಕಿಸಿದೆ.

ಆಮೇಲೆ ದೊಡ್ಡ ತೂತಿನ ಫುಟ್‌ವಾಲ್, 3 ಇಂಚಿನ ಪಿವಿಸಿ ಪೈಪು, ಬೆಂಡು ಎರಡೇ, ಪೈಪಿನ ಬಾಯಿ ಕಾಲುವೆಯ ಮಟ್ಟಕ್ಕೆ. ಮೋಟಾರು, ಪಂಪು ಅವೇ. ಮತ್ತೆ ಡ್ರಮ್ಮು ಇಟ್ಟರೆ 33 ಸೆಕೆಂಡಿಗೆ ತುಂಬಿತು. ಸೆಕೆಂಡಿಗೆ 6 ಲೀಟರು! ಇಷ್ಟಕ್ಕೂ ಏಳೂವರೆ ಎಚ್‌ಪಿ ಮೋಟಾರಿನ ಅರ್ಧ ಬೆಲೆಯೂ ಆಗಲಿಲ್ಲ. ಕೊನೆಯ ಮಡಿಗೂ ನೀರು ಮುಟ್ಟಿ ಶೇಂಗಾ ಉಳಿಯಿತು.

ಮರುವರ್ಷ ಹಳೆ ಮೋಟಾರು ಸುಟ್ಟಿತು. ಆಗ ಏಳೂವರೆಯೂ ಬೇಡ, ಐದೂ ಬೇಡ ಎಂದು ನಮ್ಮ ಎತ್ತರಕ್ಕೆ ಹೊಂದುವ 3 ಎಚ್‌ಪಿ ಮೋನೋಬ್ಲಾಕ್ ತಂದೆ. ಈಗ 25 ಸೆಕೆಂಡಿಗೆ ಡ್ರಮ್ಮು ತುಂಬುತ್ತದೆ. ಪಂಪನ್ನು ನೀರಿನಿಂದ 20 ಅಡಿಯೊಳಗೆ ಇಟ್ಟಿದ್ದೇನೆ. ಅದಕ್ಕಿಂತ ಮೇಲಿದ್ದರೆ ಎಳೆಯಲಿಕ್ಕೆ ತ್ರಾಸು.

ಕರೆಂಟು ಪುಕ್ಕಟೆ, ಚಿಂತೆ ಯಾಕೆ?

ಹೀಗೆ ಕೇಳುವವರಿದ್ದಾರೆ. 10 ಎಚ್‌ಪಿವರೆಗೆ ಬಿಲ್ಲಿಲ್ಲ, ನಿಜ. ಆದರೆ ತ್ರೀ ಫೇಸ್ ಬರುವುದು ಕೆಲವೇ ತಾಸು. ಅಷ್ಟರಲ್ಲಿ ಬಂದ ನೀರೇ ನಮ್ಮದು. ಎಲ್ಲರೂ ಮಂಜೂರಾದುದಕ್ಕಿಂತ ದೊಡ್ಡ ಮೋಟಾರು ಹಾಕಿದರೆ ಟಿಸಿ ಸುಡುತ್ತದೆ. ಆಗ ಹತ್ತು ಮಂದಿಯ ಬೆಳೆ ಒಣಗುತ್ತದೆ.

ಒಂದು ಮಾತು ಮುಚ್ಚಿಡಬಾರದು. ಪಂಪು ಸುಧಾರಿಸಿದರೆ ಬಾವಿಯಲ್ಲಿ ನೀರು ಹುಟ್ಟುವುದಿಲ್ಲ. ಈಗ ನಮ್ಮ ಬಾವಿ ಮೊದಲಿಗಿಂತ ಬೇಗ ತಳ ಕಾಣುತ್ತದೆ. ಒಣ ಓಡಿದರೆ ಪಂಪಿನ ಸೀಲು ಸುಡುತ್ತದೆ. ಅದಕ್ಕೆ ಆಟೋ ಸ್ವಿಚ್ಚು ಹಾಕಿಲ್ಲ. ಎರಡು ತಾಸು ಓಡಿಸಿ, ಬಂದ್ ಮಾಡಿ, ಸೆಲೆ ಕೂಡಿದ ಮೇಲೆ ಮತ್ತೆ ಹಚ್ಚುತ್ತೇನೆ. ಶೇಂಗಾ ಎರಡು ಎಕರೆಯೇ, ಮೂರು ಮಾಡಿಲ್ಲ.

ಹಳೇದಾಯಿತು ಅಂತ ಎಲ್ಲವನ್ನೂ ಒಮ್ಮೆಲೇ ಕಿತ್ತೊಗೆಯುವುದು ಬೇಡ. ಯಾವುದು ಕೆಟ್ಟಿದೆ ಎಂದು ಅಳೆದು ಅದನ್ನಷ್ಟೇ ಬದಲಿಸಿರಿ. ಒಂದು ಡ್ರಮ್ಮು, ಒಂದು ಹಗ್ಗ, ಒಂದು ಗಡಿಯಾರ ಸಾಕು. ನಿಮ್ಮ ಲೆಕ್ಕ ಎಷ್ಟು ಬಂತು, ಪತ್ರಿಕೆಗೆ ಬರೆದು ತಿಳಿಸಿರಿ.