ಮನಸ್ಸಿಲ್ಲದ ಹೊತ್ತಿನ ಕೆಲಸ

ಖಿನ್ನತೆಯೆಂದರೆ ದೊಡ್ಡ ದುಃಖ, ಆತಂಕವೆಂದರೆ ದೊಡ್ಡ ಭಯ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಆದರೆ ಇವುಗಳೊಡನೆ ದಿನ ದೂಡುವವರು ವೈದ್ಯರ ಮುಂದೆ ಕುಳಿತಾಗ ಎಷ್ಟೋ ಸಲ ಮೊದಲು ಹೇಳಿಕೊಳ್ಳುವುದು ಮೈಯ ಸಂಗತಿಗಳನ್ನು. ಮೈಯೆಲ್ಲ ಭಾರ, ಏನೂ ಮಾಡದಿದ್ದರೂ ಸುಸ್ತು, ಊಟ ಸೇರುವುದಿಲ್ಲ, ಬೆಳಗಿನ ಜಾವ ಮೂರಕ್ಕೆಲ್ಲ ಎಚ್ಚರ, ಸ್ನಾನಕ್ಕೆ ಏಳುವುದೂ ಬೇಡವೆನಿಸುತ್ತದೆ ಎಂದು ಒಬ್ಬರು ಹೇಳುತ್ತಾರೆ. ಎದೆ ಡವಡವ, ಹೊಟ್ಟೆಯಲ್ಲಿ ಸಂಕಟ, ಅಂಗೈ ಬೆವರುತ್ತದೆ, ಇಸಿಜಿ ಸರಿಯಾಗಿದೆ ಎಂದರೂ ಸಮಾಧಾನವಾಗುವುದಿಲ್ಲ ಎಂದು ಇನ್ನೊಬ್ಬರು. ಬಹಳ ಸಲ ಈ ಇಬ್ಬರೂ ಒಬ್ಬರೇ ಆಗಿರುತ್ತಾರೆ. ಖಿನ್ನತೆಯಿರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಆತಂಕದ ತೊಂದರೆಯೂ ಜೊತೆಗಿರುತ್ತದೆ.

ಖಿನ್ನತೆಯನ್ನು ಅಳೆಯಲು ವೈದ್ಯರು ವ್ಯಾಪಕವಾಗಿ ಬಳಸುವ ಪಿಎಚ್‌ಕ್ಯೂ-9 ಎಂಬ ಪಟ್ಟಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ಮನಸ್ಸು ಕುಗ್ಗಿದೆಯೇ ಎಂದು ಕೇಳುವುದು ಅವುಗಳಲ್ಲಿ ಒಂದು ಮಾತ್ರ. ಉಳಿದವು ಆಸಕ್ತಿ, ನಿದ್ದೆ, ದಣಿವು, ಹಸಿವು, ತನ್ನ ಬಗೆಗಿನ ಕೀಳರಿಮೆ, ಏಕಾಗ್ರತೆ, ಚಲನವಲನದ ನಿಧಾನ ಅಥವಾ ಚಡಪಡಿಕೆ, ಸಾವಿನ ಯೋಚನೆ ಇವುಗಳಿಗೆ ಸಂಬಂಧಿಸಿದವು. ಪ್ರತಿ ಪ್ರಶ್ನೆಯೂ ಕೇಳುವುದು ಒಂದೇ ವಿಷಯವನ್ನು: ಕಳೆದ ಎರಡು ವಾರಗಳಲ್ಲಿ ಎಷ್ಟು ದಿನ ಹೀಗಾಯಿತು? ಹೀಗೆ ಈ ಕಾಯಿಲೆಯನ್ನು ಅಳೆಯುವುದೇ ದಿನಗಳ ಲೆಕ್ಕದಲ್ಲಿ. ಅದು ಬೇರೂರುವುದೂ ದಿನಚರಿಯಲ್ಲಿ, ಸಡಿಲವಾಗತೊಡಗುವುದೂ ದಿನಚರಿಯಲ್ಲಿ ಎಂಬ ವಿಚಾರವನ್ನು ಕಳೆದ ಐದು ದಶಕಗಳ ಮನಶ್ಶಾಸ್ತ್ರ ಬಗೆಬಗೆಯಾಗಿ ಪರೀಕ್ಷಿಸಿ ನೋಡಿದೆ.

ದಿನದ ಅತ್ಯಂತ ಕಷ್ಟದ ಹೊತ್ತು ಹಲವರಿಗೆ ಬೆಳಗು. ಎಚ್ಚರವಾದ ಮೊದಲ ಅರ್ಧ, ಮುಕ್ಕಾಲು ಗಂಟೆಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತದಲ್ಲಿ ಏರುವುದು ಹೆಚ್ಚಿನವರಲ್ಲಿ ಸಹಜ. ಮೈಯನ್ನು ದಿನದ ಕೆಲಸಕ್ಕೆ ಅಣಿಗೊಳಿಸುವ ಏರ್ಪಾಡು ಅದು. ತೀವ್ರ ಖಿನ್ನತೆಯಲ್ಲಿ ನಿದ್ದೆ, ಹಾರ್ಮೋನು, ಮೈಯ ಉಷ್ಣತೆ ಇವುಗಳ ದೈನಂದಿನ ಲಯವೇ ಏರುಪೇರಾಗಿರುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳಲಾಗದವರು ಸಂಜೆಯ ಹೊತ್ತಿಗೆ ನಾಲ್ಕು ಮಾತಾಡುವಷ್ಟು ಹಗುರಾಗುವುದನ್ನು ವೈದ್ಯರು ಬಹುಕಾಲದಿಂದ ಗುರುತಿಸಿದ್ದಾರೆ. ಸಂಜೆ ಚೆನ್ನಾಗಿಯೇ ಇದ್ದರಲ್ಲ, ಬೆಳಿಗ್ಗೆ ಮಾತ್ರ ಏನು ಸೋಮಾರಿತನ ಎಂದು ಮನೆಯವರು ಬೇಸರಪಡುವುದುಂಟು. ಆದರೆ ಆ ಏರಿಳಿತ ರೋಗದ ಲಕ್ಷಣವೇ ಹೊರತು ನಟನೆಯಲ್ಲ.

ಖಿನ್ನತೆ ಕಸಿದುಕೊಳ್ಳುವುದರಲ್ಲಿ ಮುಖ್ಯವಾದುದು ಆಸಕ್ತಿ. ಆಸಕ್ತಿಯಲ್ಲಿ ಎರಡು ಪದರಗಳಿವೆ ಎಂಬುದು ನರವಿಜ್ಞಾನದ ಒಂದು ಸೂಕ್ಷ್ಮ ಶೋಧ. ಒಂದನ್ನು ಬಯಸುವುದು ಬೇರೆ, ಅದು ದೊರೆತಾಗ ಸವಿಯುವುದು ಬೇರೆ. ಮಿದುಳಿನಲ್ಲಿ ಇವೆರಡರ ಜಾಲಗಳೂ ಪೂರ್ತಿ ಒಂದೇ ಅಲ್ಲ. ಬಯಕೆಯ ಜಾಲದಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಪಾತ್ರ ಹಿರಿದು. ಮುಂದೆ ಸಿಗಬಹುದಾದ ಸುಖಕ್ಕಾಗಿ ಈಗ ಎಷ್ಟು ಶ್ರಮ ಪಡಬಹುದು ಎಂಬ ಲೆಕ್ಕದಲ್ಲಿ ಅದು ಭಾಗಿ. ಖಿನ್ನರಾದವರು ಪ್ರಯೋಗಗಳಲ್ಲಿ ಬಹುಮಾನಕ್ಕಾಗಿ ಹೆಚ್ಚು ಶ್ರಮ ಪಡಲು ಹಿಂಜರಿಯುವುದು ಕಂಡುಬಂದಿದೆ. ಗೆಳತಿಯ ಮನೆಗೆ ಹೋದರೂ ಖುಷಿಯಾಗುವುದಿಲ್ಲ ಎಂದು ಮನಸ್ಸು ಮೊದಲೇ ತೀರ್ಪು ಕೊಟ್ಟುಬಿಡುತ್ತದೆ.

ಆ ತೀರ್ಪು ಎಷ್ಟು ನಿಜ? ಜನರ ದಿನನಿತ್ಯದ ಬದುಕಿನ ನಡುವೆಯೇ ದಿನಕ್ಕೆ ಹಲವು ಸಲ ಆ ಕ್ಷಣದ ಮನಃಸ್ಥಿತಿಯನ್ನು ಬರೆಯಿಸಿಕೊಳ್ಳುವ ಅಧ್ಯಯನ ವಿಧಾನವೊಂದಿದೆ. ಆ ವಿಧಾನದಿಂದ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಬೆರಗಾಗಿಸುವ ಸಂಗತಿ ಕಂಡಿತು. ದಿನದಲ್ಲಿ ಏನಾದರೂ ಸಣ್ಣ ಒಳ್ಳೆಯದು ನಡೆದಾಗ ಖಿನ್ನರಾದವರ ಸಂಕಟ ಆರೋಗ್ಯವಂತರದಕ್ಕಿಂತ ಹೆಚ್ಚಾಗಿಯೇ ಇಳಿಯುತ್ತಿತ್ತು. ಸವಿಯುವ ಶಕ್ತಿ ಪೂರ್ತಿ ಸತ್ತಿರಲಿಲ್ಲ. ಅಲ್ಲಿಯವರೆಗೆ ಕರೆದೊಯ್ಯುವ ಬಯಕೆ ಮಾತ್ರ ಕೈಕೊಟ್ಟಿತ್ತು. ಜ್ವರದಿಂದ ಎದ್ದವರಿಗೆ ಬಾಯಿ ಕಹಿ. ಹಸಿವಾಗಲಿ, ಆಮೇಲೆ ಕೊಡೋಣ ಎಂದು ಯಾವ ಮನೆಯಲ್ಲೂ ಗಂಜಿಯನ್ನು ತಡೆಹಿಡಿಯುವುದಿಲ್ಲ; ನಾಲ್ಕು ದಿನ ಗಂಜಿ ಇಳಿದ ಮೇಲೆ ಹಸಿವು ತಾನಾಗಿ ಮರಳುತ್ತದೆ. ಖಿನ್ನತೆಯಲ್ಲಿಯೂ ಕ್ರಮ ಇದೇ. ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯುತ್ತ ಕುಳಿತರೆ ಎರಡೂ ಬರುವುದಿಲ್ಲ.

ಅಮೆರಿಕದ ಆರೆಗಾನ್‌ನಲ್ಲಿದ್ದ ಮನಶ್ಶಾಸ್ತ್ರಜ್ಞ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲಿ ಖಿನ್ನತೆಯ ಸುತ್ತೊಂದನ್ನು ವಿವರಿಸಿದರು. ನಷ್ಟವೋ ಕಾಯಿಲೆಯೋ ಒಂಟಿತನವೋ ಬಂದು ಮನುಷ್ಯ ತನ್ನ ಎಂದಿನ ಕೆಲಸಗಳಿಂದ ಹಿಂದೆ ಸರಿಯುತ್ತಾನೆ. ಹಿಂದೆ ಸರಿದಷ್ಟೂ ಸಂತೋಷಕ್ಕೋ ಸಾರ್ಥಕತೆಗೋ ಆಸ್ಪದ ಕೊಡುವ ಸಂದರ್ಭಗಳು ಕಡಿಮೆಯಾಗುತ್ತವೆ. ಅವು ಕಡಿಮೆಯಾದಷ್ಟೂ ಮನಸ್ಸು ಕುಸಿಯುತ್ತದೆ, ಕುಸಿದಷ್ಟೂ ಇನ್ನಷ್ಟು ಹಿಂಜರಿಕೆ. ಈ ಸುತ್ತನ್ನು ಕೆಲಸದ ಕಡೆಯಿಂದ ಬಿಡಿಸುವ ಚಿಕಿತ್ಸೆಗೆ ಬಿಹೇವಿಯರಲ್ ಆ್ಯಕ್ಟಿವೇಶನ್ ಎಂಬ ಹೆಸರಿದೆ. ಚಟುವಟಿಕೆಯ ಚಿಕಿತ್ಸೆ ಎನ್ನಬಹುದು. ಬ್ರಿಟನ್ನಿನಲ್ಲಿ 440 ಮಂದಿಯ ಮೇಲೆ ನಡೆದು 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಡಿಮೆ ತರಬೇತಿಯ ಕಾರ್ಯಕರ್ತರು ನೀಡಿದ ಈ ಸರಳ ಚಿಕಿತ್ಸೆ, ನುರಿತ ತಜ್ಞರು ನೀಡುವ, ಯೋಚನೆಯ ಧಾಟಿಯನ್ನೂ ತಿದ್ದುವ ಅರಿವಿನ ನಡವಳಿಕೆ ಚಿಕಿತ್ಸೆಗಿಂತ (ಸಿಬಿಟಿ) ಕೀಳಾಗಿರಲಿಲ್ಲ.

ನಮ್ಮ ನೆರೆಯ ಗೋವಾದಲ್ಲಿ ನಡೆದ ಪ್ರಯೋಗ ಇನ್ನೂ ಹೆಚ್ಚು ಗಮನಾರ್ಹ. ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಾತ್ ಎಂಬ ಸಂಸ್ಥೆಯ ಸಹೋದ್ಯೋಗಿಗಳು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದವರಲ್ಲಿ ತೀವ್ರ ಖಿನ್ನತೆಯಿದ್ದ 495 ಮಂದಿಯನ್ನು ಗುರುತಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆಯನ್ನೇ ತುಸು ಉತ್ತಮಪಡಿಸಿ ಕೊಟ್ಟರು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಆರರಿಂದ ಎಂಟು ಭೇಟಿಗಳ ಆಪ್ತಸಮಾಲೋಚನೆ. ಸಮಾಲೋಚಕರಾಗಿದ್ದವರು ಮನೋವೈದ್ಯರೂ ಅಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಅದೇ ಸೀಮೆಯ ಸಾಮಾನ್ಯ ಜನ, ಕೆಲವು ವಾರಗಳ ತರಬೇತಿ ಪಡೆದವರು. ಮೂರು ತಿಂಗಳ ಬಳಿಕ ಎಂದಿನ ಆರೈಕೆಯ ಗುಂಪಿನಲ್ಲಿ ಶೇ 39ರಷ್ಟು ಮಂದಿಯ ಖಿನ್ನತೆ ಶಮನವಾಗಿತ್ತು. ಸಮಾಲೋಚನೆ ಪಡೆದವರಲ್ಲಿ ಶೇ 64ರಷ್ಟು. ಒಂದು ವರ್ಷದ ನಂತರವೂ ಈ ಲಾಭ ಉಳಿದಿತ್ತು.

ಆ ಭೇಟಿಗಳಲ್ಲಿ ನಡೆಯುತ್ತಿದ್ದುದು ಮೇಲುನೋಟಕ್ಕೆ ತೀರ ಸಾಧಾರಣ. ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದಾಗ ಮನಸ್ಸು ಹೇಗಿತ್ತು ಎಂಬುದನ್ನು ಜೊತೆಜೊತೆಗಿಟ್ಟು ನೋಡುವುದು, ಬಿಟ್ಟುಹೋದ ಕೆಲಸಗಳಲ್ಲಿ ಒಂದೆರಡನ್ನು ಆಯ್ದುಕೊಳ್ಳುವುದು, ಅವುಗಳಿಗೆ ದಿನ ಮತ್ತು ಹೊತ್ತು ಗೊತ್ತುಮಾಡುವುದು, ಮುಂದಿನ ವಾರ ಏನಾಯಿತೆಂದು ಮತ್ತೆ ಮಾತಾಡುವುದು. ಕೆಲಸದ ಗಾತ್ರವೇ ಇಲ್ಲಿ ನಿರ್ಣಾಯಕ ಎಂದು ತೋರುತ್ತದೆ. ಮನೆಯನ್ನೆಲ್ಲ ಒಪ್ಪ ಮಾಡುವುದು ಖಿನ್ನರಾದವರಿಗೆ ಬೆಟ್ಟ. ಎರಡು ಲೋಟ ತೊಳೆಯುವುದು ಸಾಧ್ಯ. ಪೇಟೆಗೆ ಹೋಗಿ ಬರುವುದು ಆಗದ ಮಾತು. ಗೇಟಿನವರೆಗೆ ಹೋಗಿ ಹಾಲು ತರುವುದು ಆಗಬಹುದು. ಮನಸ್ಸು ಗಟ್ಟಿ ಮಾಡಿಕೋ ಎಂಬ ಬುದ್ಧಿಮಾತಿಗೂ ಈ ಚಿಕಿತ್ಸೆಗೂ ಅಜಗಜಾಂತರವಿದೆ. ಬುದ್ಧಿಮಾತು ಯಾವ ಶಕ್ತಿ ಇಲ್ಲವಾಗಿದೆಯೋ ಅದನ್ನೇ ಮೊದಲು ಕೇಳುತ್ತದೆ, ಸಿಗದಿದ್ದಾಗ ತಪ್ಪಿತಸ್ಥ ಭಾವವನ್ನೂ ಹೇರುತ್ತದೆ. ಚಿಕಿತ್ಸೆ ಕೇಳುವುದು ಇರುವಷ್ಟು ಶಕ್ತಿಗೆ ತಕ್ಕ ಕೆಲಸವನ್ನು ಮಾತ್ರ, ಅದೂ ಗೊತ್ತಾದ ಹೊತ್ತಿಗೆ. ಈ ವ್ಯತ್ಯಾಸ ಮನೆಮನೆಗೂ ತಿಳಿದರೆ ಎಷ್ಟು ಸಂಕಟ ತಪ್ಪೀತು!

ಆತಂಕದ ಸುತ್ತು ಬೇರೆಯಂತೆ ಕಂಡರೂ ಅದರ ಕಟ್ಟೂ ಹೀಗೆಯೇ ಇದೆ. ತುಂಬಿದ ಬಸ್ಸಿನಲ್ಲಿ ಒಬ್ಬರಿಗೆ ಇದ್ದಕ್ಕಿದ್ದಂತೆ ಎದೆ ಬಡಿತ ಏರಿ, ಉಸಿರು ಸಾಲದಂತಾಗಿ, ಈಗಲೇ ಪ್ರಾಣ ಹೋಗುತ್ತದೆ ಎನಿಸುತ್ತದೆ. ಮಿದುಳಿನ ಆಳದಲ್ಲಿರುವ, ಬಾದಾಮಿಯಾಕಾರದ ಅಮಿಗ್ಡಲ ಅಪಾಯದ ಸೂಚನೆ ಕೊಟ್ಟಿದೆ, ಅಡ್ರಿನಲಿನ್ ರಕ್ತಕ್ಕಿಳಿದಿದೆ, ಇಲ್ಲದ ಶತ್ರುವಿನಿಂದ ಓಡಲು ಮೈ ಸಿದ್ಧವಾಗಿದೆ. ಇಂಥ ಗಾಬರಿಯ ಹೊಡೆತ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುತ್ತತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಅವರು ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟಿರುತ್ತಾರೆ. ಇಳಿದ ಕೂಡಲೇ ಸಿಕ್ಕ ನಿರಾಳವೇ ಮಿದುಳಿಗೆ ತಪ್ಪು ಪಾಠ ಕಲಿಸುತ್ತದೆ: ಇಳಿದದ್ದರಿಂದ ಬದುಕಿದೆ. ಮರುದಿನ ಆಟೋ, ಮುಂದಿನ ತಿಂಗಳು ಕೆಲಸಕ್ಕೆ ರಜೆ, ಆಮೇಲೆ ಮನೆಯ ಹೊಸ್ತಿಲು ದಾಟುವುದೂ ಕಷ್ಟ. ತಪ್ಪಿಸಿಕೊಂಡ ಪ್ರತಿ ಸಲವೂ ಭಯಕ್ಕೆ ಬಲ ಬರುತ್ತದೆ.

ಭಯದ ವಸ್ತುವನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆ ಈ ಪಾಠವನ್ನು ತಿದ್ದುತ್ತದೆ. ಮೊದಲು ಬಸ್ ನಿಲ್ದಾಣದಲ್ಲಿ ನಿಲ್ಲುವುದು, ಬಳಿಕ ಖಾಲಿ ಬಸ್ಸಿನಲ್ಲಿ ಒಂದು ನಿಲ್ದಾಣ, ಗಾಬರಿ ಬಂದರೂ ಇಳಿಯದೆ ಅದು ಇಳಿಯುವವರೆಗೆ ಕುಳಿತಿರುವುದು. ಹೀಗೆ ಮಾಡಿದಾಗ ಹಳೆಯ ಭಯದ ನೆನಪು ಅಳಿಸಿಹೋಗುವುದಿಲ್ಲ ಎಂಬುದು ಇಲ್ಲಿ ತಿಳಿದಿರಬೇಕಾದ ಮುಖ್ಯ ಸಂಗತಿ. ಬಸ್ಸು ಅಪಾಯವಲ್ಲ ಎಂಬ ಹೊಸ ನೆನಪೊಂದು ಅದರ ಪಕ್ಕದಲ್ಲಿ ಮೂಡುತ್ತದೆ. ಮಿದುಳಿನ ಮುಂಭಾಗ ಅದರ ನೆರವಿನಿಂದ ಅಮಿಗ್ಡಲವನ್ನು ಹಿಡಿತದಲ್ಲಿಡುತ್ತದೆ. ಅಳಿಸಿಹೋಯಿತೆಂದುಕೊಂಡ ಕಲಿಕೆ ಕೆಲಕಾಲದ ಬಳಿಕ ತಾನಾಗಿ ತಲೆಯೆತ್ತುವುದನ್ನು ರಷ್ಯದ ವಿಜ್ಞಾನಿ ಪಾವ್ಲೋವ್ ತಮ್ಮ ನಾಯಿಗಳಲ್ಲೇ ಕಂಡಿದ್ದರು. ಆದ್ದರಿಂದ ಆರು ತಿಂಗಳು ಸರಿಯಾಗಿದ್ದವರಿಗೆ ಒಂದು ದಿನ ಮತ್ತೆ ಗಾಬರಿಯಾದರೆ ಪಟ್ಟ ಪಾಡೆಲ್ಲ ವ್ಯರ್ಥವಾಯಿತೆಂದು ಅರ್ಥವಲ್ಲ. ನೆನಪಿನ ಸ್ವಭಾವವೇ ಅಂಥದು.

ಮನೆಯವರ ಅಕ್ಕರೆ ಕೆಲವೊಮ್ಮೆ ಆತಂಕದ ಸುತ್ತಿಗೆ ಅರಿವಿಲ್ಲದೆ ನೆರವಾಗುತ್ತದೆ. ಮಗಳಿಗೆ ಹೆದರಿಕೆಯೆಂದು ಅಂಗಡಿಗೆ ತಾಯಿಯೇ ಹೋಗುತ್ತಾಳೆ, ಫೋನಿಗೆ ತಂದೆಯೇ ಉತ್ತರಿಸುತ್ತಾರೆ, ಏನೂ ಆಗುವುದಿಲ್ಲ ಎಂದು ದಿನಕ್ಕೆ ಹತ್ತಾರು ಸಲ ಅಣ್ಣ ಧೈರ್ಯ ಹೇಳುತ್ತಾನೆ. ಪ್ರತಿಯೊಂದೂ ಪ್ರೀತಿಯಿಂದ ಮಾಡಿದ್ದೇ. ಆದರೂ ಅವಳ ಪರವಾಗಿ ಹೋಗುವುದಕ್ಕಿಂತ ಅವಳ ಜೊತೆಗೆ ಹೋಗುವುದು, ಸ್ವಲ್ಪ ದಿನಗಳ ಬಳಿಕ ಅಂಗಡಿಯ ಹೊರಗೆ ನಿಂತು ಕಾಯುವುದು ಹೆಚ್ಚು ಉಪಕಾರ.

ಇನ್ನು ಚಿಂತೆ. ಬೇಡವೆಂದಷ್ಟೂ ಅದು ಅಂಟಿಕೊಳ್ಳುತ್ತದೆ. ಅಮೆರಿಕದ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ಒಂದು ಉಪಾಯವನ್ನು ಪರೀಕ್ಷಿಸಿದರು: ದಿನಕ್ಕೆ ಅರ್ಧ ಗಂಟೆ, ಗೊತ್ತಾದ ಜಾಗ, ಗೊತ್ತಾದ ಹೊತ್ತು, ಚಿಂತೆಗೆಂದೇ ಮೀಸಲು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಅದನ್ನು ಆ ಅರ್ಧ ಗಂಟೆಗೆ ಮುಂದೂಡುವುದು. ಹೀಗೆ ಮಾಡಿದವರ ದಿನದ ಚಿಂತೆ ತಗ್ಗಿತು. ನಿದ್ದೆಯ ವಿಷಯದಲ್ಲಿ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ ವಿಧಾನವೂ ಇಂಥದೇ. ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಎದ್ದು, ತೂಕಡಿಕೆ ಬಂದಾಗ ಮರಳುವುದು. ರಾತ್ರಿ ಹೇಗೇ ಕಳೆದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳುವುದು. ಹೊರಳಾಡುತ್ತ ಮಲಗಿದಷ್ಟೂ ಹಾಸಿಗೆಗೂ ಎಚ್ಚರಕ್ಕೂ ಮಿದುಳು ನಂಟು ಕಟ್ಟುತ್ತ ಹೋಗುತ್ತದೆ.

ಔಷಧಿ ಈ ಯಾವುದಕ್ಕೂ ವಿರೋಧಿಯಲ್ಲ. ರೋಗ ತೀವ್ರವಾದಾಗ ಅದಿಲ್ಲದೆ ದಿನಚರಿಯ ಮಾತೇ ಏಳುವುದಿಲ್ಲ. ಸೆರಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳು ಆ ರಾಸಾಯನಿಕದ ವ್ಯವಹಾರವನ್ನು ಕೆಲವೇ ಗಂಟೆಗಳಲ್ಲಿ ಬದಲಿಸುತ್ತವೆ, ಮನಸ್ಸು ಎದ್ದು ಕಾಣುವಂತೆ ಹಗುರಾಗಲು ಮಾತ್ರ ಎರಡರಿಂದ ಆರು ವಾರ ಬೇಕು. ಒಂದು ರಾಸಾಯನಿಕದ ಕೊರತೆಯೇ ಖಿನ್ನತೆ ಎಂಬ ಸರಳ ವಿವರಣೆ ಸಾಲದೆಂಬುದಕ್ಕೆ ಈ ಅಂತರವೂ ಒಂದು ಸುಳಿವು. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸಿದಂತಾಗಿ, ಗುಣವೇನೂ ಕಾಣದೆ, ಹಲವರು ಮಾತ್ರೆ ಬಿಡುತ್ತಾರೆ. ಇನ್ನು ಕೆಲವರು ಚೆನ್ನಾಗಿದ್ದೇನೆ ಎನಿಸಿದ ದಿನವೇ ಬಿಡುತ್ತಾರೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸುವುದು ರೂಢಿ. ಚಿಕಿತ್ಸೆಯ ಆರಂಭದಲ್ಲಿ ಮನಸ್ಸಿಗಿಂತ ಮೊದಲು ಮೈಗೆ ಚೈತನ್ಯ ಮರಳುವುದುಂಟು. ಸಾವಿನ ಯೋಚನೆಯಿರುವವರನ್ನು ಆ ದಿನಗಳಲ್ಲಿ ಒಂಟಿಯಾಗಿ ಬಿಡದಿರುವುದು ಮನೆಯವರು ಮಾಡಬಹುದಾದ ಅತಿ ದೊಡ್ಡ ಸಹಾಯ.

ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಪ್ಪತ್ತರಲ್ಲಿ ಒಬ್ಬರು ಖಿನ್ನತೆಗೆ ಒಳಗಾಗಿದ್ದಾರೆ; ಖಿನ್ನತೆ, ಆತಂಕದಂಥ ಸಾಮಾನ್ಯ ಮನೋರೋಗಗಳಿರುವವರಲ್ಲಿ ಶೇ 85ರಷ್ಟು ಮಂದಿಗೆ ಚಿಕಿತ್ಸೆ ತಲುಪಿಲ್ಲ. ಮಾನಸಿಕ ಆರೈಕೆಯನ್ನು ದೊಡ್ಡ ಆಸ್ಪತ್ರೆಯಿಂದ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಯ್ಯುವ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದರ ಮಾದರಿಯಲ್ಲೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. 2022ರ ಅಕ್ಟೋಬರ್ 10ರಿಂದ ಟೆಲಿಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಹಣ ಕೊಡದೆ ಕನ್ನಡದಲ್ಲೇ ಮಾತಾಡಬಹುದು.

ಖಿನ್ನತೆ ಒಮ್ಮೆ ಬಂದುಹೋದವರಿಗೆ ಮತ್ತೆ ಬರುವ ಸಾಧ್ಯತೆ ಗಣನೀಯ. ಅದು ಮರಳುವಾಗ ಮೊದಲು ಮಾಯವಾಗುವ ಸಂಗತಿಗಳು ಒಬ್ಬೊಬ್ಬರಲ್ಲಿ ಒಂದೊಂದು. ಒಬ್ಬರು ಪೇಪರು ಬಿಡಿಸುವುದನ್ನು ನಿಲ್ಲಿಸುತ್ತಾರೆ, ಇನ್ನೊಬ್ಬರು ಅಕ್ಕನ ಫೋನಿಗೆ ಉತ್ತರಿಸುವುದನ್ನು. ಮತ್ತೊಬ್ಬರ ನಿದ್ದೆ ನಸುಕಿಗೂ ಮುನ್ನವೇ ಮುರಿಯತೊಡಗುತ್ತದೆ. ಚೆನ್ನಾಗಿರುವ ದಿನಗಳಲ್ಲೇ ಇಂಥ ಎರಡು ಮೂರು ಲಕ್ಷಣಗಳನ್ನು ಬರೆದಿಟ್ಟು, ಮನೆಯಲ್ಲಿ ಇನ್ನೊಬ್ಬರಿಗೂ ತಿಳಿಸಿಡುವುದನ್ನು ಚಿಕಿತ್ಸಕರು ಕಲಿಸುತ್ತಾರೆ. ಅವು ಎರಡು ವಾರ ಬಿಡದೆ ಕಂಡರೆ ವೈದ್ಯರ ಬಳಿ ಹೋಗುವ ದಿನವನ್ನು ಗೊತ್ತುಮಾಡುವ ಕೆಲಸ ಆ ಇನ್ನೊಬ್ಬರದು, ಏಕೆಂದರೆ ಆ ಹೊತ್ತಿಗೆ ಗೊತ್ತುಮಾಡುವ ಶಕ್ತಿ ಕಾಯಿಲೆಯವರಲ್ಲಿ ಇರುವುದಿಲ್ಲ.